ಹಳೆ ಬೇಟೆ ರೈಫಲ್‌ನ ತುಕ್ಕು: ಕೆರೆಯಬೇಡಿ, ಕುದಿಸಿ

ಗೋವಾದ ಮಳೆಗಾಲ ಮುಗಿದ ಮೇಲೆ ಮನೆಯ ಲೈಸೆನ್ಸ್ ರೈಫಲ್ ತೆಗೆದು ನೋಡಿದರೆ ನಳಿಕೆ ಕೆಂಪಾಗಿರುತ್ತದೆ. ತಕ್ಷಣ ಮರಳು ಕಾಗದ ಹಿಡಿಯಬೇಡಿ, ದಯವಿಟ್ಟು. ತುಕ್ಕಿನ ಜೊತೆ ಹಳೆಯ ನೀಲಿಗಪ್ಪು ಲೇಪವೂ ಕೆತ್ತಿದ ನಂಬರೂ ಸವೆಯುತ್ತವೆ. ನಂಬರು ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ವಿನೆಗರ್, ನಿಂಬೆರಸವೂ ಬೇಡ, ಹುಳಿ ಆ ಲೇಪವನ್ನೇ ತಿನ್ನುತ್ತದೆ.

ಒಳಗೆ ಗುಂಡಿಲ್ಲವೆಂದು ಎರಡು ಸಲ ನೋಡಿ, ಮರದ ಭಾಗ ಬಿಚ್ಚಿ. ತೆಳು ತುಕ್ಕಿಗೆ ಬಂದೂಕಿನ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, 0000 ನಂಬರಿನ (ಅತಿ ನಯವಾದ) ಸ್ಟೀಲ್ ವುಲ್, ಅಂದರೆ ಉಕ್ಕಿನ ನಾರಿನಿಂದ ಹಗುರವಾಗಿ ಉಜ್ಜಿದರೆ ಸಾಕು.

ತುಕ್ಕು ಹರಡಿದ್ದರೆ ನಳಿಕೆಯ ಜಿಡ್ಡನ್ನು ಅಸಿಟೋನ್‌ನಿಂದ ತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಪೂರ್ತಿ ಮುಳುಗಿಸಿ 20–30 ನಿಮಿಷ ಕುದಿಸಿ. ಕೆಂಪು ತುಕ್ಕು ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗುತ್ತದೆ. ಮೇಲೆ ಕೂತ ಮಸಿಯಂಥ ಪುಡಿಯನ್ನು ಎಣ್ಣೆ ತೆಗೆದ ಸ್ಟೀಲ್ ವುಲ್‌ನಿಂದ ಒರೆಸಿ. ಅಂಗಡಿಯಿಂದ ತಂದದ್ದರಲ್ಲಿ ಹೆಚ್ಚಾಗಿ ಎಣ್ಣೆ ಇರುತ್ತದೆ, ಅದನ್ನೂ ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ. ಕೆಂಪು ಉಳಿದರೆ ಮತ್ತೆ ಕುದಿಸಿ. ನಲ್ಲಿ ನೀರು ಬಳಸಿದರೆ ಅದರ ಲವಣ ಕಲೆಯಾಗಿ ಕೂರುತ್ತದೆ.

ಲೇಪ ಹೋಗಿ ಬಿಳಿಚಿದ ಜಾಗಕ್ಕೆ ಕೋಲ್ಡ್ ಬ್ಲೂ (ಬಿಸಿ ಮಾಡದೆ ಹಚ್ಚಿ ಉಕ್ಕನ್ನು ಕಪ್ಪಾಗಿಸುವ ದ್ರಾವಣ) ಹಚ್ಚಬಹುದು, ಆದರೆ ಬೇಗ ಸವೆಯುತ್ತದೆ. ಬಹುತೇಕ ದ್ರಾವಣಗಳಲ್ಲಿ ವಿಷಕಾರಿ ಸೆಲೆನಿಯಂ ಇರುವುದರಿಂದ ಕೈಗವಸು ಹಾಕಿ, ಕಿಟಕಿ ತೆರೆದಿಡಿ. ನಳಿಕೆಯ ಒಳಗೆ ಕುಳಿ ಬಿದ್ದಿದ್ದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ನೋಡುವ ತನಕ ಗುಂಡು ಹಾರಿಸಬೇಡಿ.

ಕೊನೆಗೆ ಒಳಹೊರಗೆ ಎಣ್ಣೆ ಸವರಿ. ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಹಿಡಿಯುತ್ತದೆ. ಬೀಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.