ಇಲಿಗೆ ಎರಡು ಹುಣಸೆಬೀಜ

ಉಕ್ತಲೇಖನದಲ್ಲಿ ನಾನು ‘ಇಲಿ’ ಅಂದರೆ ಮಕ್ಕಳು ಬರೆಯುತ್ತಿದ್ದುದು ‘ಇಲೀ’, ‘ಎಲೆ’ ಅಂದರೆ ‘ಏಲೇ’. ನನ್ನ ನಲಿ-ಕಲಿ (ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ತರಗತಿಯ 26 ಮಕ್ಕಳಲ್ಲಿ 18-19 ಮಕ್ಕಳದು ಇದೇ ಪಾಡು. ಕಾಗುಣಿತ ಮಾತ್ರ ಎಲ್ಲರಿಗೂ ಬಾಯಿಪಾಠ.

ಮೊದಲು ದುಡ್ಡು ಸುರಿದೆ. ಚಿತ್ರದ ಕಾರ್ಡು, ಲ್ಯಾಮಿನೇಷನ್ ಅಂತ 1,400 ರೂಪಾಯಿ ಹತ್ತಿರ ಕೈಯಿಂದಲೇ ಹೋಯಿತು. ಚಿತ್ರ ನೋಡಿ ಪದ ಹೇಳಿದರು, ಬರೆಯುವಾಗ ಮತ್ತೆ ಅದೇ ದೀರ್ಘ. ಆಮೇಲೆ ರಬ್ಬರ್ ಬ್ಯಾಂಡ್ ಕೊಟ್ಟು, ದೀರ್ಘ ಬಂದಾಗ ಎಳೆಯಿರಿ ಅಂದೆ. ಎಳೆಯುವ ಖುಷಿಗೆ ‘ಮರ’ವೂ ‘ಮಾರಾ’ ಆಯಿತು. ಎರಡೇ ದಿನಕ್ಕೆ ಆ ಪೊಟ್ಟಣ ಬೀರು ಸೇರಿತು.

ಒಂದು ದಿನ ನನ್ನ ಉಕ್ತಲೇಖನವನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳಿದೆ. ಮಕ್ಕಳಿಗೆ ತಿಳಿಯಲಿ ಅಂತ ನಿಧಾನಿಸಿ, ‘ಇ... ಲೀ...’ ಎಂದು ನಾನೇ ಎಳೆಯುತ್ತಿದ್ದೆ. ಪಾಪ, ಅವರು ಕೇಳಿದ್ದನ್ನೇ ಬರೆದಿದ್ದರು.

ಮರುದಿನದಿಂದ ಮಾತಿನ ವೇಗದಲ್ಲೇ ಹೇಳತೊಡಗಿದೆ, ಅದೂ ವಾಕ್ಯದೊಳಗೆ: ‘ಇಲಿ ಬಿಲದೊಳಗೆ ಓಡಿತು.’ ಮಗು ಪದವನ್ನು ತಾನೊಮ್ಮೆ ಹೇಳಬೇಕು. ಹ್ರಸ್ವಕ್ಕೊಂದು ಹುಣಸೆಬೀಜ, ದೀರ್ಘಕ್ಕೊಂದು ಪೊರಕೆಕಡ್ಡಿ ಸ್ಲೇಟಿನ ಪಕ್ಕ ಇಡಬೇಕು. ‘ಬಳೆ’ಗೆ ಎರಡು ಬೀಜ. ‘ಬಾಳೆ’ಗೆ ಒಂದು ಕಡ್ಡಿ, ಒಂದು ಬೀಜ. ಆಮೇಲೆ ಬಳಪ. ಖರ್ಚು ಸೊನ್ನೆ.

ಮೊದಲ ಮೂರು ವಾರ ಬರೀ ಹ್ರಸ್ವ: ಮರ, ಇಲಿ, ಗಿಳಿ, ಕುರಿ, ಎಲೆ. ನಂತರ ಜೋಡಿಗಳು: ಬಿಡು-ಬೀಡು, ಬೆಳೆ-ಬೇಳೆ, ಒಲೆ-ಓಲೆ. ಗುಡಿಸು (ಕಿ), ಎತ್ವ (ಕೆ), ಒತ್ವ (ಕೊ) ಮೂರಕ್ಕೂ ದೀರ್ಘದ ಗುರುತು ಒಂದೇ ಆದ್ದರಿಂದ ಒಂದು ಹಿಡಿದರೆ ಮೂರೂ ಬಂದವು. ಜೋಡಿಗಳ ಪೂರ್ತಿ ಕ್ರಮವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡು ವರ್ಷ ತಿದ್ದಿ ತೀಡಿದ ಪಟ್ಟಿ ಅದು.

ನಡುವೆ ಬೀಜದ ಬದಲು ಜೇಡಿಮಣ್ಣಿನ ಉಂಡೆ ಮಾಡಿಸಿ ನೋಡಿದೆ. ಉಂಡೆ ಕಟ್ಟುವುದರಲ್ಲೇ ಅವಧಿ ಮುಗಿಯಿತು.

‘ಏನ್ ಮೇಷ್ಟ್ರೇ, ಕಾಗುಣಿತ ಬಿಟ್ಟು ಚೌಕಾಬಾರ ಆಡಿಸ್ತಿದ್ದೀರಾ?’ ಅಂದಿದ್ದರು ಹಿರಿಯ ಮೇಡಂ. ಎರಡೂವರೆ ತಿಂಗಳ ನಂತರ ಹತ್ತು ಪದ ಅವರಿಂದಲೇ ಹೇಳಿಸಿದೆ. 21 ಮಕ್ಕಳದು ಎಂಟಕ್ಕಿಂತ ಹೆಚ್ಚು ಸರಿ. ಸ್ಲೇಟುಗಳನ್ನು ಎರಡೆರಡು ಸಲ ತಿರುಗಿಸಿ ನೋಡಿದರು. ಈಗ ಅವರ ಮೇಜಿನ ಮೇಲೂ ಒಂದು ಡಬ್ಬಿ ಹುಣಸೆಬೀಜ ಇದೆ.

ಕೊಂಬು (ಕು, ಕೂ) ಇನ್ನೂ ಕಾಡುತ್ತಿದೆ. ‘ಹುಳು’ ಬರೆ ಅಂದರೆ ನಾಲ್ಕೈದು ಮಕ್ಕಳು ‘ಹೂಳು’ ಬರೆಯುತ್ತಾರೆ. ಆದರೆ ಹಿಂದಿನ ಸಾಲಿನ ಒಬ್ಬ ಹುಡುಗಿ ಈಗ ಬೀಜ ಮುಟ್ಟುವುದೇ ಇಲ್ಲ. ತೊಡೆಯ ಮೇಲೆ ಬೆರಳಲ್ಲಿ ಎರಡು ಸಲ ತಟ್ಟಿ, ‘ಕುರಿ’ ಬರೆದುಬಿಡುತ್ತಾಳೆ.