ಹಬ್ಬಕ್ಕೆ ಹೊರಡುವ ಮೊದಲು ಹಿತ್ತಿಲ ಬಾಗಿಲು ನೋಡಿ

ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗಿನ ದಿನಗಳಲ್ಲಿ ಉತ್ತರ ಕನ್ನಡದ ಮನೆಗಳು ಕಳ್ಳರ ಕಣ್ಣಿಗೆ ಬೀಳಲು ಕಾರಣಗಳಿವೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲು ನಡೆದು ವರ್ಷದ ದುಡಿಮೆಯೆಲ್ಲ ಅಂಗಳದಲ್ಲಿಯೋ ಅಟ್ಟದಲ್ಲಿಯೋ ಇರುತ್ತದೆ. ಕಾರವಾರ, ಕುಮಟಾ, ಹೊನ್ನಾವರದಲ್ಲಿ ಕ್ರಿಸ್‌ಮಸ್ ರಜೆಗೆ ಮನೆಮಂದಿಯೆಲ್ಲ ಊರು ಬಿಡುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯಾಗಲಿ, ಒಂದು ರಾತ್ರಿಯ ಯಕ್ಷಗಾನವಾಗಲಿ ಮನೆ ಬರಿದಾಗಲು ಸಾಕಾದ್ದರಿಂದ, ಇಲ್ಲಿ ಹೇಳುವ ಸಿದ್ಧತೆ ದೂರದ ಪ್ರವಾಸ ಹೋಗುವವರಿಗಷ್ಟೇ ಮೀಸಲಲ್ಲ.

ಹೊರಡುವುದಕ್ಕೆ ಹದಿನೈದು ದಿನ ಮೊದಲು ಮನೆಗೆ ಒಂದು ಸುತ್ತು ಬನ್ನಿ, ಅದೂ ಹಿತ್ತಿಲ ಕಡೆಯಿಂದ. ನಮ್ಮಲ್ಲಿ ಹೆಬ್ಬಾಗಿಲಿಗೆ ಸಾವಿರಾರು ರೂಪಾಯಿಯ ಬೀಗ ಹಾಕುವವರೂ ಬಚ್ಚಲ ಬಾಗಿಲಿಗೆ ತಗಡಿನ ಚಿಲಕವನ್ನೇ ನೆಚ್ಚಿಕೊಂಡಿರುತ್ತಾರೆ. ಕೊಟ್ಟಿಗೆಯಿಂದ ಮನೆಯೊಳಕ್ಕೆ ಬರುವ ಬಾಗಿಲಿಗೆ ಎಷ್ಟೋ ಕಡೆ ಅದೂ ಇರುವುದಿಲ್ಲ. ಹೆಬ್ಬಾಗಿಲಿನಲ್ಲಿಯೂ ಬೀಗಕ್ಕಿಂತ ಅದು ನೇತಾಡುವ ಕೊಂಡಿಯನ್ನು ಪರೀಕ್ಷಿಸುವುದು ಮುಖ್ಯ. ಕಳ್ಳ ಬೀಗದ ತಂಟೆಗೆ ಹೋಗಬೇಕಾಗಿಯೇ ಇಲ್ಲ, ಕೊಂಡಿಯ ಕೆಳಗೆ ಹಾರೆಯ ತುದಿ ಸೇರಿಸಿ ಒಮ್ಮೆ ಮೀಟಿದರೆ ಮರದಲ್ಲಿ ಕೂತ ಸಣ್ಣ ಸ್ಕ್ರೂಗಳು ಬೀಗದ ಸಮೇತ ಕಿತ್ತು ಬರುತ್ತವೆ. ಆ ಸ್ಕ್ರೂಗಳನ್ನು ತೆಗೆಸಿ, ಬಾಗಿಲಿನ ದಪ್ಪವನ್ನು ಪೂರ್ತಿ ಹಾದು ಹೋಗುವ ಬೋಲ್ಟ್ ಹಾಕಿಸಿ, ಒಳಬದಿಯಲ್ಲಿ ಅಗಲವಾದ ವಾಷರ್ ಇಟ್ಟು ನಟ್ ಬಿಗಿಸಲು ಬಡಗಿಗೆ ಹೇಳಿ. ಅರ್ಧ ದಿನದ ಕೆಲಸವಾದರೂ ಹೊಸ ಬೀಗಕ್ಕಿಂತ ಇದರ ಪ್ರಯೋಜನ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಕರಾವಳಿಯವರು ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣದ ಬೀಗವನ್ನು ಬಿಟ್ಟು ಹಿತ್ತಾಳೆಯ ಬೀಗ ಕೊಳ್ಳುವುದು ಒಳ್ಳೆಯದು. ಬೀಗ ಬಿಗಿಯಾಯಿತೆಂದು ಅದರೊಳಗೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಬಿಡಿ; ಎಣ್ಣೆ ಧೂಳನ್ನು ಹಿಡಿದು ಕೊನೆಗೆ ಬೀಗದ ಕೈ ತಿರುಗದಂತೆ ಮಾಡುತ್ತದೆ. ಅದರ ಬದಲು ಗ್ರಾಫೈಟ್ ಪುಡಿ ಹಾಕಿ, ಅಂಗಡಿಯಲ್ಲಿ ಸಿಗುತ್ತದೆ.

ಹಂಚಿನ ಮನೆಯವರು ಮಾಡಿನ ಕಡೆಗೂ ಗಮನ ಕೊಡಬೇಕು. ನಾಲ್ಕು ಹಂಚು ಸರಿಸಿ ಅಟ್ಟಕ್ಕೆ ಇಳಿಯುವುದು ಬಾಗಿಲು ಒಡೆಯುವುದಕ್ಕಿಂತ ಸುಲಭ, ಸದ್ದೂ ಕಡಿಮೆ. ಮಂಗಗಳು ದಿನವೂ ಹಂಚು ಸರಿಸುವ ಊರಿನಲ್ಲಿ ಸರಿದ ಹಂಚನ್ನು ಕಂಡವರು ಅನುಮಾನ ಪಡುವುದೂ ಇಲ್ಲ. ಅಟ್ಟದಿಂದ ಮನೆಯೊಳಗೆ ಇಳಿಯುವ ಬಾಗಿಲಿಗೆ ಕೆಳಬದಿಯಿಂದ ಗಟ್ಟಿ ಚಿಲಕ ಹಾಕಿಸಿದರೆ ಮೇಲೆ ಇಳಿದವನು ಅಲ್ಲಿಯೇ ಉಳಿಯುತ್ತಾನೆ. ಏಣಿ, ಹಾರೆ, ಕತ್ತಿ, ಗುದ್ದಲಿಗಳನ್ನು ಒಳಗೆ ಹಾಕಿ ಬೀಗ ಜಡಿಯಿರಿ. ನಮ್ಮ ಮನೆಯ ಹಾರೆಯಿಂದಲೇ ನಮ್ಮ ಬಾಗಿಲು ಮೀಟಿಸಿಕೊಳ್ಳುವುದು ಬೇಡ.

ಮುಂದಿನದು ಬೆಲೆಬಾಳುವ ವಸ್ತುಗಳ ವ್ಯವಸ್ಥೆ. ಚಾಲಿ (ಬಿಸಿಲಿನಲ್ಲಿ ಒಣಗಿಸಿ ಸುಲಿದ ಅಡಿಕೆ), ಕಾಳುಮೆಣಸಿನ ಚೀಲಗಳು ಮನೆಯಲ್ಲಿದ್ದರೆ ಹೊರಡುವ ಮೊದಲೇ ಶಿರಸಿಯ ಟಿಎಸ್‌ಎಸ್‌ನಂಥ ಸಹಕಾರಿ ಸಂಘಕ್ಕೆ ಸಾಗಿಸಿಬಿಡಿ. ಆದರೆ ಚಾಲಿ ಒಣಗಲು 40 ದಿನಗಳಷ್ಟು ಬಿಸಿಲು ಬೇಕು, ಅರ್ಧ ಒಣಗಿದ್ದನ್ನು ಎಲ್ಲಿಗೂ ಒಯ್ಯುವಂತಿಲ್ಲ. ಅಂಗಳದಲ್ಲಿ ಅಡಿಕೆ ಹರಡಿಕೊಂಡವರು ಮನೆಗೆ ಬೀಗ ಹಾಕುವ ಯೋಚನೆಯನ್ನೇ ಬಿಟ್ಟು, ರಾತ್ರಿ ಮಲಗಲು ನಂಬಿಕೆಯವರನ್ನು ಗೊತ್ತು ಮಾಡಬೇಕು. ಬಂಗಾರ ಬ್ಯಾಂಕ್ ಲಾಕರಿನಲ್ಲಿರಲಿ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕಿನ ಲೋಪದಿಂದಾದ ಬೆಂಕಿ, ಕಳ್ಳತನ, ದರೋಡೆ ಅಥವಾ ಸಿಬ್ಬಂದಿಯ ವಂಚನೆಯ ಸಂದರ್ಭದಲ್ಲಿ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು ಮಾತ್ರ; 2,000 ರೂಪಾಯಿ ಬಾಡಿಗೆಯಿದ್ದರೆ 2 ಲಕ್ಷ. ಆದ್ದರಿಂದ ಒಡವೆಗಳ ಫೋಟೊ ಮತ್ತು ಖರೀದಿ ರಸೀದಿಗಳ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಸಿಸಿಟಿವಿ ಇದ್ದವರು ದೃಶ್ಯ ದಾಖಲಾಗುವ ಪೆಟ್ಟಿಗೆಯನ್ನು ಟಿವಿಯ ಪಕ್ಕದಲ್ಲಿಡಬಾರದು, ಕಳ್ಳರು ಅದನ್ನೂ ಹೊತ್ತೊಯ್ಯುತ್ತಾರೆ. ಕರೆಂಟು ಹೋದಾಗಲೂ ನಡೆಯುವಂತೆ ಯುಪಿಎಸ್ ಬೇಕು. ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ತೋಟದ ಮನೆಗಳಲ್ಲಿ ಫೋನಿಗೆ ಚಿತ್ರ ಕಳಿಸುವ ಕ್ಯಾಮೆರಾವನ್ನೇ ನೆಚ್ಚಿಕೊಳ್ಳುವುದಕ್ಕಿಂತ ತೋಟದಾಚೆಯ ಮನೆಯವರಿಗೆ ದಿನಕ್ಕೊಮ್ಮೆ ಬಂದು ಹೋಗಲು ಹೇಳುವುದು ಮೇಲು. ದನಗಳಿರುವ ಮನೆಗೆ ಹಾಲು ಕರೆಯಲು ಹೇಗೂ ಎರಡು ಹೊತ್ತು ಜನ ಬರುತ್ತಾರೆ. ಅವರಿಗೆ ಹಿತ್ತಿಲ ಬಾಗಿಲನ್ನೂ ಮಾಡನ್ನೂ ನೋಡಿ ಹೋಗುವಂತೆ ತಿಳಿಸಿ. ಬಂದ ಪೇಪರ್, ಹಾಲಿನ ಪ್ಯಾಕೆಟ್‌ಗಳು ಗೇಟಿನಲ್ಲಿ ರಾಶಿ ಬೀಳದಂತೆ ಅವರೇ ಎತ್ತಿಡಲಿ. ಹಗಲೂ ರಾತ್ರಿ ಉರಿಯುವ ಜಗುಲಿಯ ದೀಪ ಮನೆಯಲ್ಲಿ ಯಾರೂ ಇಲ್ಲವೆಂದೇ ಸಾರುತ್ತದೆ, ಸಂಜೆ ಹತ್ತಿ ತಾನಾಗಿ ಆರುವ ಟೈಮರ್ ಸಾಕೆಟ್ ಬಳಸಿ.

ಪೊಲೀಸ್ ಠಾಣೆಗೆ ಮುಂಚಿತವಾಗಿ ಹೋಗಿ, ಮನೆಯ ವಿಳಾಸ, ಹೊರಡುವ ಮತ್ತು ಮರಳುವ ದಿನಾಂಕ, ನೆರೆಯವರ ಫೋನ್ ನಂಬರ್ ಬರೆದುಕೊಟ್ಟು ಬನ್ನಿ. ಬೀಟ್ ಪೊಲೀಸರ ಪರಿಚಯ ಮಾಡಿಕೊಳ್ಳುವುದರಲ್ಲಿ ಸಂಕೋಚ ಬೇಡ. ಪ್ರವಾಸದ ಫೋಟೊಗಳನ್ನು ಮಾತ್ರ ಮನೆಗೆ ಮರಳಿದ ಮೇಲೆಯೇ ಸ್ಟೇಟಸ್‌ಗೆ ಹಾಕಿ.

ಹೊರಡುವ ದಿನ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಪಂಪು, ಟಿವಿ, ಇನ್ವರ್ಟರುಗಳ ಪ್ಲಗ್ ಕಳಚಿ. ಹೆಬ್ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಒಳಬೀಗವಿರುವ ಪಕ್ಕದ ಬಾಗಿಲಿನಿಂದ ಹೊರಬಂದರೆ ರಸ್ತೆಯಲ್ಲಿ ಹೋಗುವವರಿಗೆ ನೇತಾಡುವ ಬೀಗ ಕಾಣುವುದಿಲ್ಲ. ಬೀಗದ ಕೈಯನ್ನು ತುಳಸಿಕಟ್ಟೆಯ ಸಂದಿಯಲ್ಲಿ ಇಡಬೇಡಿ, ಆ ಜಾಗ ಎಲ್ಲರಿಗೂ ಗೊತ್ತು.

ಮರಳಿ ಬಂದಾಗ ಬಾಗಿಲು ಒಡೆದಿದ್ದು ಕಂಡರೆ ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ. ಅಂಗಳದಲ್ಲಿಯೇ ನಿಂತು 112ಕ್ಕೆ ಕರೆ ಮಾಡಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕೆಂಬುದು ಕಾನೂನು, ಅದನ್ನು ಕೇಳಿ ಪಡೆಯಿರಿ. ವಿಮೆ ಇದ್ದವರು ಕಂಪನಿಗೆ ತಡಮಾಡದೆ ತಿಳಿಸಬೇಕು. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಮುಖ್ಯವಾಗಿ ಬೆಂಕಿ, ಪ್ರವಾಹದಂಥ ಅವಘಡಗಳಿಗಾಗಿ ಇರುವುದು. ಅಂಥ ಅವಘಡದ ನಂತರದ 7 ದಿನಗಳಲ್ಲಿ ನಡೆದ ಕಳವಿಗೆ ಅದರಲ್ಲಿ ಪರಿಹಾರವಿದೆಯಾದರೂ, ಬೀಗ ಒಡೆದು ಮಾಡಿದ ಕನ್ನಗಳವಿಗೆ ಪ್ರತ್ಯೇಕ ಪಾಲಿಸಿಯನ್ನೇ ಮಾಡಿಸಬೇಕು, ಮತ್ತು ಮನೆ ಎಷ್ಟು ದಿನ ಖಾಲಿಯಿದ್ದರೆ ಅದು ಅನ್ವಯಿಸುವುದಿಲ್ಲ ಎಂಬ ಷರತ್ತನ್ನು ಸಹಿ ಹಾಕುವ ಮೊದಲು ಓದಿಕೊಳ್ಳಬೇಕು.