ಎಂಎಸ್‌ಡಬ್ಲ್ಯೂ ಓದಲು ಮಾಡಿದ ಸಾಲ: ನಾನು ಹಾಕಿದ ಲೆಕ್ಕ

2016ರಲ್ಲಿ ಬಿಎ ಮುಗಿಸಿ, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯೂ) ಓದುತ್ತೇನೆಂದು ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಸಾಲ ತೀರುವುದು ಎಷ್ಟು ವರ್ಷಕ್ಕೆ? ರಾಣೆಬೆನ್ನೂರು ತಾಲ್ಲೂಕಿನಲ್ಲಿ ನಾಲ್ಕು ಎಕರೆ ಮೆಕ್ಕೆಜೋಳವನ್ನು ನಂಬಿದ ಸಂಸಾರ ನಮ್ಮದು. ಬೀಜ-ಗೊಬ್ಬರದ ಬಾಕಿಯನ್ನು ಸುಗ್ಗಿಯಲ್ಲಿ ತೀರಿಸಿ ಅಭ್ಯಾಸವಿದ್ದ ಅಪ್ಪನಿಗೆ ಏಳೆಂಟು ವರ್ಷ ಉಳಿಯುವ ಸಾಲವೆಂದರೆ ಅಳುಕು. ಸೋದರಮಾವ ಬಿ.ಎಡ್. ಮಾಡು ಎಂದು ಹಟ ಹಿಡಿದಿದ್ದರು. ಅವರ ಮಾತಿನಲ್ಲಿ ತಥ್ಯವಿತ್ತೆಂದು ಈಗಲೂ ಒಪ್ಪುತ್ತೇನೆ; ಆದರೆ ನನಗೆ ಮಾನಸಿಕ ಕಾಯಿಲೆಯವರಿಗೂ ಅವರ ಮನೆಯವರಿಗೂ ನೆರವಾಗುವ ಮನೋವೈದ್ಯಕೀಯ ಸಮಾಜಕಾರ್ಯವೇ ಬೇಕಿತ್ತು.

ನನ್ನ ಮುಂದೆ ಎರಡು ದಾರಿಗಳಿದ್ದವು. ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿದ್ದರೆ ಶುಲ್ಕವೂ ಕಡಿಮೆ, ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯದಲ್ಲಿ ಊಟ-ವಸತಿಯೂ ಉಚಿತ, ಸಾಲದ ಗೊಡವೆಯೇ ಬೇಕಿರಲಿಲ್ಲ. ಬೆಂಗಳೂರಿನ ಖಾಸಗಿ ಕಾಲೇಜಿಗೆ ಸೇರಿದರೆ ಶುಲ್ಕ, ಪಿಜಿ ಬಾಡಿಗೆ, ಓಡಾಟ ಎಲ್ಲ ಸೇರಿ, ಮನೆಯಿಂದ ಹೊಂದಿಸಬಹುದಾದದ್ದನ್ನು ಕಳೆದು ಎರಡು ವರ್ಷಕ್ಕೆ 2,50,000 ರೂಪಾಯಿ ಸಾಲ ಬೇಕಾಗುತ್ತಿತ್ತು. ಬೆಂಗಳೂರಿನ ಪರವಾಗಿದ್ದ ಗಟ್ಟಿ ಕಾರಣ ಒಂದೇ: ದೊಡ್ಡ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ಕ್ಷೇತ್ರಕಾರ್ಯಕ್ಕೆ, ಅಂದರೆ ಓದಿನ ಭಾಗವಾದ ಪ್ರಾಯೋಗಿಕ ತರಬೇತಿಗೆ, ಅವಕಾಶ.

ಕಾಲೇಜಿನ ಕೈಪಿಡಿಯಲ್ಲಿ ‘ಗರಿಷ್ಠ ಪ್ಯಾಕೇಜ್’ ಎಂದು ಅಚ್ಚಾಗಿದ್ದ ಅಂಕಿ ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಅದು ಮಾನವ ಸಂಪನ್ಮೂಲ ವಿಭಾಗ ಓದಿ ಕಾರ್ಖಾನೆ ಸೇರಿದವರ ಸಂಬಳವೆಂದು ವಿಚಾರಿಸಿದ ಮೇಲೆ ತಿಳಿಯಿತು. 1948ರ ಕಾರ್ಖಾನೆ ಕಾಯಿದೆಯ 49ನೆಯ ಕಲಮಿನ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕಾಗಿದ್ದುದರಿಂದ ಆ ಕಡೆಗೆ ಬೇಡಿಕೆಯಿತ್ತು. ನಾನು ಹೋಗಬೇಕೆಂದಿದ್ದ ಕಡೆ ಪರಿಸ್ಥಿತಿ ಬೇರೆ. ಅಂದಿನ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಜಿಲ್ಲಾ ಘಟಕದ ಸಮಾಜ ಕಾರ್ಯಕರ್ತರಿಗೂ ಆಪ್ತಸಮಾಲೋಚಕರಿಗೂ ತಿಂಗಳಿಗೆ 14,000 ರೂಪಾಯಿ ಗೌರವಧನ, ಅದೂ ಗುತ್ತಿಗೆಯ ಮೇಲೆ. ಸ್ವಯಂಸೇವಾ ಸಂಸ್ಥೆಗಳಲ್ಲಿದ್ದ ಹಿರಿಯ ವಿದ್ಯಾರ್ಥಿಗಳಲ್ಲಿ ಆರೇಳು ಮಂದಿಯನ್ನು ಕಂಡು, ಮೊದಲ ತಿಂಗಳು ಕೈಗೆ ಬಂದದ್ದೆಷ್ಟು ಎಂದಷ್ಟೇ ಕೇಳಿದೆ. ಒಬ್ಬರು ಬಾಯಲ್ಲಿ ಹೇಳುವ ಬದಲು ಪಾಸ್‌ಬುಕ್ಕನ್ನೇ ತೆರೆದು ತೋರಿಸಿದರು. ಜಮೆಯ ಅಂಕಣದಲ್ಲಿ ಎರಡು ತಿಂಗಳು ಏನೂ ಇರಲಿಲ್ಲ; ಮೂರನೆಯ ತಿಂಗಳು ಮೂರೂ ಸಂಬಳ ಒಟ್ಟಿಗೆ ಬಿದ್ದಿದ್ದವು. ನಡುವೆ ಇದ್ದದ್ದು ಐನೂರು, ಇನ್ನೂರು ರೂಪಾಯಿ ಎಟಿಎಂನಿಂದ ತೆಗೆದ ಸಾಲುಗಳು ಮಾತ್ರ. ನನ್ನ ಲೆಕ್ಕಕ್ಕೆ ಆ ಪುಟವೇ ಆಧಾರವಾಯಿತು. ಆದಾಯದ ಕಡೆ 14,000 ಎಂದು ಬರೆದುಕೊಂಡೆ, ಅದರ ಮೇಲೆ ಒಂದು ರೂಪಾಯಿಯನ್ನೂ ಊಹಿಸಲಿಲ್ಲ.

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ, ಅಪ್ಪನ ಜಂಟಿ ಸಹಿ ಸಾಕು. ಮರುಪಾವತಿ ಕೋರ್ಸ್ ಮುಗಿದು ಒಂದು ವರ್ಷವಾದ ಮೇಲೆ. ಇದನ್ನು ಕೇಳಿ ‘ಮೂರು ವರ್ಷ ಕಟ್ಟುವುದೇ ಬೇಡ’ ಎಂದು ನೆಮ್ಮದಿಯಾಗಿರುವವರೇ ಹೆಚ್ಚು. ಆದರೆ ಹಣ ಬಿಡುಗಡೆಯಾದ ದಿನದಿಂದಲೇ ಸರಳ ಬಡ್ಡಿ ಓಡುತ್ತಿರುತ್ತದೆ. ನನಗೆ ಮೊದಲ ವರ್ಷ 1,50,000, ಎರಡನೆಯ ವರ್ಷ 1,00,000 ಬಿಡುಗಡೆಯಾಗಬೇಕಿತ್ತು, ಬಡ್ಡಿ ಶೇಕಡಾ 11. ಸುಮ್ಮನಿದ್ದರೆ ಕಂತು ಶುರುವಾಗುವ ಹೊತ್ತಿಗೆ 71,500 ರೂಪಾಯಿ ಬಡ್ಡಿ ಅಸಲಿಗೆ ಸೇರಿ 3,21,500 ಆಗುತ್ತಿತ್ತು. ಐದು ವರ್ಷಕ್ಕೆ ಕಟ್ಟಿದರೆ ತಿಂಗಳಿಗೆ ಸುಮಾರು 6,990, ಅಂದರೆ 14,000ದ ಅರ್ಧ. ಏಳು ವರ್ಷಕ್ಕೆ ಎಳೆದರೆ ಕಂತು 5,505ಕ್ಕೆ ಇಳಿಯುತ್ತಿತ್ತು, ಆದರೆ ಒಟ್ಟಾರೆ ಸುಮಾರು 43,000 ಹೆಚ್ಚು ಕಟ್ಟಬೇಕಾಗುತ್ತಿತ್ತು. ಓದುವಾಗಲೇ ಬಡ್ಡಿಯನ್ನು ತಪ್ಪದೆ ಕಟ್ಟಿದರೆ ದರದಲ್ಲಿ ಶೇಕಡಾ 1 ಬಿಡುತ್ತಾರೆಂದು ಶಾಖೆಯಲ್ಲಿ ತಿಳಿಯಿತು. ಆಗ ಅಸಲು 2,50,000ದಲ್ಲೇ ನಿಂತು, ಐದು ವರ್ಷದ ಕಂತು 5,312 ಆಗುತ್ತಿತ್ತು. ಈ ಕೊನೆಯ ಅಂಕಿ ನೋಡಿಯೇ ನಾನು ಬೆಂಗಳೂರನ್ನು ಆರಿಸಿದ್ದು.

ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳಿ ಮೊದಲ ವರ್ಷ ತಿಂಗಳಿಗೆ 1,375, ಎರಡನೆಯ ವರ್ಷ 2,292 ರೂಪಾಯಿ ಬಡ್ಡಿ ಕಟ್ಟಿದೆ. ನಾನು ಎಡವಿದ್ದು ಕ್ಷೇತ್ರಕಾರ್ಯದ ಖರ್ಚಿನಲ್ಲಿ. ವಾರಕ್ಕೆ ಎರಡು ದಿನ ಆಸ್ಪತ್ರೆಗೋ ಬಡಾವಣೆಗೋ ಹೋಗಿ ಬರುವ ಬಸ್ ಚಾರ್ಜು, ಗ್ರಾಮೀಣ ಶಿಬಿರದ ವಂತಿಗೆ, ಕೊನೆಗೆ ಒಂದು ತಿಂಗಳು ಪೂರ್ತಿ ಸಂಸ್ಥೆಯೊಂದರಲ್ಲೇ ಇದ್ದು ಕೆಲಸ ಕಲಿಯುವ ಬ್ಲಾಕ್ ಪ್ಲೇಸ್‌ಮೆಂಟ್, ಇವು ಯಾವುದೂ ಕಾಲೇಜಿನ ಶುಲ್ಕ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ನನ್ನ ಲೆಕ್ಕದಲ್ಲೂ ಇರಲಿಲ್ಲ. ಬ್ಲಾಕ್ ಪ್ಲೇಸ್‌ಮೆಂಟಿನ ತಿಂಗಳಂತೂ ಪಾಠ ಹೇಳುವುದೇ ನಿಂತುಹೋಗಿ, ಆ ಬಡ್ಡಿಯನ್ನು ಅವ್ವ ತನ್ನ ಸಂಘದ ಉಳಿತಾಯದಿಂದ ಕಳಿಸಿದಳು.

ಸರ್ಕಾರದ ನೆರವುಗಳ ಬಗ್ಗೆ ಬಹಳ ಕೇಳಿದ್ದೆ. 2009ರಿಂದ ಇರುವ ಕೇಂದ್ರದ ಬಡ್ಡಿ ಸಹಾಯಧನ ವರ್ಷಕ್ಕೆ 4.5 ಲಕ್ಷದೊಳಗೆ ಆದಾಯವಿರುವ ಕುಟುಂಬಗಳಿಗೆ, ಅದೂ ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ. ನನ್ನ ಕೋರ್ಸನ್ನು ಶಾಖೆಯಲ್ಲಿ ಆ ಸಾಲಿಗೆ ಸೇರಿಸಲಿಲ್ಲ. ಆದಾಯ ತೆರಿಗೆಯ 80ಇ ಕಲಮಿನಲ್ಲಿ ಬಡ್ಡಿಗೆ ವಿನಾಯಿತಿ ಇದೆಯೆಂದು ಬುದ್ಧಿ ಹೇಳಿದವರು ಹಲವರು. ತೆರಿಗೆ ಕಟ್ಟುವಷ್ಟು ಸಂಬಳವೇ ಇಲ್ಲದವಳಿಗೆ ವಿನಾಯಿತಿ ಯಾತಕ್ಕೆ?

2018ರಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡುವ ಒಂದು ಸಂಸ್ಥೆಗೆ 15,000ಕ್ಕೆ ಸೇರಿದೆ. ಅನುದಾನ ತಡವಾದಾಗಲೆಲ್ಲ ಸಂಬಳವೂ ತಡವಾಗುತ್ತಿತ್ತು. 2019ರ ಜುಲೈನಲ್ಲಿ ಕಂತು ಆರಂಭವಾದ ಮೇಲೆ ಎರಡು ಸಲ ಖಾತೆಯಲ್ಲಿ ಹಣವಿಲ್ಲದೆ ಕಂತು ಬೌನ್ಸ್ ಆಗಿ ದಂಡ ತೆತ್ತೆ. ಅಲ್ಲಿಂದ ಮುಂದೆ ಎರಡು ಕಂತಿನಷ್ಟು ಹಣವನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಡಲು ಕಲಿತೆ. 2020ರ ಮಾರ್ಚಿನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಾಗ ನಾನು ಬಳಸಿಕೊಂಡದ್ದು ಮೂರೇ ತಿಂಗಳು. ಆ ಮೂರು ತಿಂಗಳಿಗೆ ಸುಮಾರು 5,500 ಬಡ್ಡಿ ಏರುತ್ತದೆಂದು ಕೂಡಿಸಿ ನೋಡಿದ್ದರಿಂದ ಜೂನ್‌ನಲ್ಲಿ ಮತ್ತೆ ಕಟ್ಟತೊಡಗಿದೆ.

ಮರುವರ್ಷ ಕಂಪನಿಯೊಂದರ ಸಮಾಜಸೇವೆಯ ಕೆಲಸ ನೋಡಿಕೊಳ್ಳುವ ಸಿಎಸ್‌ಆರ್ ವಿಭಾಗಕ್ಕೆ 28,000ಕ್ಕೆ ಹೋದೆ. ಇಷ್ಟಪಟ್ಟ ಕೆಲಸವನ್ನು ಸಾಲಕ್ಕಾಗಿ ಬಿಟ್ಟೆಯಾ ಎಂದು ಗೆಳತಿಯೊಬ್ಬಳು ಕೇಳಿದಳು. ಹೌದು, ಸ್ವಲ್ಪ ಮಟ್ಟಿಗೆ ಅದಕ್ಕಾಗಿಯೇ. ಕಂತಿನ ಜೊತೆಗೆ ಕೈಲಾದಷ್ಟು ಹೆಚ್ಚುವರಿ ಕಟ್ಟಿ 2023ರಲ್ಲಿ ಸಾಲ ಮುಗಿಸಿದೆ, ಋಣಮುಕ್ತ ಪತ್ರವನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಪಹಣಿ ಇಟ್ಟಿದ್ದ ಕವರಿನಲ್ಲೇ ಇಟ್ಟರು.

ನಾನು 14,000 ಎಂದು ಬರೆದುಕೊಂಡಿದ್ದ ಆ ಹುದ್ದೆಗೆ, ಅದೇ ಮಕ್ಕಳ ರಕ್ಷಣಾ ಯೋಜನೆಯ ಹೊಸ ರೂಪವಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ 18,536 ನಿಗದಿಯಾಗಿದೆ. ಈ ಸಲ ಎಂಎಸ್‌ಡಬ್ಲ್ಯೂ ಸೇರಲಿರುವ ತಂಗಿಯ ನೋಟ್‌ಬುಕ್ಕಿನಲ್ಲಿ ಆದಾಯದ ಕಡೆ ಆ ಅಂಕಿಯನ್ನೇ ಬರೆಸಿದ್ದೇನೆ. ಖರ್ಚಿನ ಕಡೆ ಮೊದಲ ಸಾಲು ಕ್ಷೇತ್ರಕಾರ್ಯದ ಬಸ್ ಚಾರ್ಜು.